ಹನ್ನೊಂದು ಗ್ಲಾಸು, ಏಳು ಗೆರೆ

ಹಾಲಹಳ್ಳದ ವಸ್ತಿಯಲ್ಲಿ ಸತ್ತೆವ್ವನಿಗೆ ಒಳ್ಳೆಯ ಹೆಸರು ಬಂದಿತ್ತು. ಬಂದ ಹೆಸರನ್ನು ಯಾರಾದರೂ ಬೇಡ ಅನ್ನುತ್ತಾರೆಯೇ? ಸತ್ತೆವ್ವ ಬೇಡವೆನ್ನಲಿಲ್ಲ, ಆದರೆ ಅದು ತನ್ನದಲ್ಲ ಎಂಬುದು ಆಕೆಗೆ ಗೊತ್ತಿತ್ತು. ಗಂಡ ಮಾಳು ಸತ್ತ ದಿನ ಹಳ್ಳ, ಬಾವಿ ಎಲ್ಲ ಕೆಂಪು ರಾಡಿಯಾಗಿದ್ದಾಗ ಎಲ್ಲಿಂದಲೋ ತಿಳಿನೀರು ತಂದು ಅವನಿಗೆ ಕೊನೆಯ ಸ್ನಾನ ಮಾಡಿಸಿದಳು, ಅಂಥ ಹೆಂಡತಿ ಸಿಗಬೇಕಾದರೆ ಏಳು ಜನ್ಮದ ಪುಣ್ಯ ಬೇಕು ಎಂದು ಮಂದಿ ಆಡಿಕೊಳ್ಳುತ್ತಿದ್ದರು. ಆ ನೀರು ಎಲ್ಲಿಯದು, ಯಾಕೆ ತಂದದ್ದು ಎಂದು ಕೇಳಿದವರಿಲ್ಲ. ಕೇಳಿದ್ದರೆ ಕಥೆ ಕೆಡುತ್ತಿತ್ತು.

ಇದು ತಿಳಿಯಬೇಕಾದರೆ ಮಳೆ ಅಳೆಯುವ ಡಬ್ಬಿಯಿಂದ ಶುರು ಮಾಡಬೇಕು. ವಸ್ತಿ ಅಂದರೆ ಬೆಲ್ಲದ ಬಾಗೇವಾಡಿಯಿಂದ ಹಿಡಕಲ್ ಕಡೆಗೆ ನಾಲ್ಕು ಮೈಲಿ, ಹಳ್ಳದ ದಂಡೆಗೆ ಅಂಟಿಕೊಂಡ ಕುರುಬರ ಇಪ್ಪತ್ತಾರು ಮನೆ. 2004ರ ಬೇಸಿಗೆಯಲ್ಲಿ ಅಲ್ಲಿಗೆ ವಿಶ್ವವಿದ್ಯಾಲಯದ ಜೀಪು ಬಂತು. ಹವಾಮಾನ ಬದಲಾಗುತ್ತಿದೆ, ಅದರ ಪೆಟ್ಟು ಯಾವ ಜನರಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಆ ಜನರ ಜೊತೆ ಸೇರಿಯೇ ಅಳೆಯಬೇಕು ಎಂಬುದು ಅವರ ಯೋಜನೆ. ಜೀಪಿನಿಂದ ಇಳಿದವಳು ಶುಭಾಂಗಿ, ಸಂಕೇಶ್ವರದ ಜೈನ ವ್ಯಾಪಾರಿಗಳ ಮನೆಯ ಹುಡುಗಿ, ಪಿಎಚ್‌.ಡಿ. ಮಾಡುತ್ತಿದ್ದಳು. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಎಲ್ಲೆಲ್ಲಿ ಮಳೆಮಾಪಕ ಇವೆ ಎಂದು ಆಕೆ ಒಂದು ನಕ್ಷೆ ಮಾಡಿದ್ದಳು. ಎಲ್ಲವೂ ಊರ ನಡುವೆ, ಬಂಗಲೆಯ ಅಂಗಳದಲ್ಲಿ, ಕಾರ್ಖಾನೆಯ ಕಾಂಪೌಂಡಿನಲ್ಲಿ. ಕುರುಬರ ವಸ್ತಿಯಲ್ಲಿ ಒಂದಿಲ್ಲ, ದಲಿತರ ಕೇರಿಯಲ್ಲಿ ಒಂದಿಲ್ಲ. ಬಂಗಲೆಯ ಮೇಲೆ ಬಿದ್ದರೆ ಅದು ಮಳೆ, ಹಳ್ಳದ ದಂಡೆಯ ಮೇಲೆ ಬಿದ್ದರೆ ಬರೀ ನೀರು.

ಶುಭಾಂಗಿಯ ಸೋದರಮಾವ ಮಹಾವೀರ ಬಾಗೇವಾಡಿಯ ದೊಡ್ಡ ರೈತ. ಆತನಿಗೆ ಇದು ಹಿಡಿಸಲಿಲ್ಲ.

“ನಮ್ಮ ಕಾಂಪೌಂಡಿನ್ಯಾಗ ಇಡವಾ. ಗೇಟ ಐತಿ, ಆಳು ಅದಾನ, ಓದು ಬರಹ ಬಲ್ಲಾಂವ. ಆ ಕುರುಬರು ಡಬ್ಬಿಯೊಳಗ ಹಾಲು ಕರಕೊಂಡಾರು,” ಎಂದ.

“ಅದನ್ನೂ ಅಳದು ಬರಕೋತೀನಿ ಮಾಮಾ,” ಎಂದಳು ಹುಡುಗಿ.

ಕಡೆಗೆ ಎರಡೂ ಕಡೆ ಒಂದೊಂದು ಇಟ್ಟರು. ಮಹಾವೀರನ ಆಳಿಗೆ ಭಾನುವಾರ ರಜೆ. ಹೀಗಾಗಿ ಆ ವರ್ಷದ ರಿಜಿಸ್ಟರಿನ ಪ್ರಕಾರ ಬಾಗೇವಾಡಿಯಲ್ಲಿ ಭಾನುವಾರ ಒಮ್ಮೆಯೂ ಮಳೆಯಾಗಲಿಲ್ಲ.

ವಸ್ತಿಯಲ್ಲಿ ಓದು ಬಂದ ಗಂಡಸರೆಲ್ಲ ಎಂಟು ತಿಂಗಳು ಕುರಿ ಹಿಂದೆ ಊರೂರು ತಿರುಗುವವರು. ಮನೆ ಹಿಡಿದು ಕೂರುವವಳು ಸತ್ತೆವ್ವ ಒಬ್ಬಳೇ, ಆಕೆಯ ಬಲಮೊಣಕಾಲು ನೆಟ್ಟಗಿರಲಿಲ್ಲ. ಅಕ್ಷರ ಬಾರದು, ಆದರೆ ಎಣಿಕೆ ಪಕ್ಕಾ. ಶುಭಾಂಗಿ ಆಕೆಗೊಂದು ಕೈಗಡಿಯಾರ ಕೊಟ್ಟು, ಮುಂಜಾನೆ ಎಂಟೂವರೆಗೆ ಮುಳ್ಳು ಎಲ್ಲಿರುತ್ತವೆ ಎಂದು ತೋರಿಸಿದಳು. ಮಳೆ ಡಬ್ಬಿಯೊಳಗಿನ ಬಾಟಲಿಗೆ ಇಳಿಯುತ್ತದೆ, ಅದನ್ನು ಗಾಜಿನ ಅಳತೆ ಗ್ಲಾಸಿಗೆ ಸುರಿದು ನೋಡಬೇಕು. ಗ್ಲಾಸಿನಲ್ಲಿ ಇಪ್ಪತ್ತು ಗೆರೆ. ಒಂದು ಗೆರೆ ಅಂದರೆ ಒಂದು ಮಿಲಿಮೀಟರ್ ಮಳೆ. ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಬೇಕು, ಮೇಲಿನಿಂದ ಬಗ್ಗಿ ನೋಡಿದರೆ ತಪ್ಪುತ್ತದೆ.

“ಮಳಿ ಹೊಡ್ಯಾಕತ್ತಿದ್ರ ಡಬ್ಬಿ ತಂದು ಮಾಡಿನ ಕೆಳಗ ಅಳೀರಿ ಮಾವಶಿ. ಬಾಟಲಿ ತುಂಬಿ ಚೆಲ್ಲಿದ ನೀರು ಹೊರಗಿನ ಡಬ್ಬಿಯೊಳಗ ನಿಂತಿರತೈತಿ. ಅದನ್ನೂ ಅಳೀಬೇಕು, ಒಂದು ಹನಿ ಬಿಡೂಹಂಗಿಲ್ಲ.”

“ಬಾಟಲಿ ತುಂಬೂವಷ್ಟು ಮಳಿ ಬಂದ್ರ ನಾವ ಇರೂದಿಲ್ರಿ ಅಕ್ಕಾರ, ಅಳಿಯಾವ್ರು ಯಾರು?” ಎಂದು ಸತ್ತೆವ್ವ ಅಂದದ್ದಕ್ಕೆ ಮಾಳು ತಂಬಾಕು ಉಗುಳಿ ನಕ್ಕಿದ್ದ.

ಬರೆದಿಡುವುದು ಹೇಗೆ ಎಂಬುದಕ್ಕೆ ದಾರಿ ಹುಡುಕಿದವಳೂ ಸತ್ತೆವ್ವನೇ. ಆಕೆ ದಿನವೂ ಉಣ್ಣೆ ನೂಲುವವಳು. ಜಂತಿಗೆ ಒಂದು ಹಗ್ಗ ಕಟ್ಟಿ, ದಿನಕ್ಕೊಂದು ಉಣ್ಣೆಯ ಎಳೆ ಇಳಿಬಿಟ್ಟಳು. ತುಂಬಿದ ಗ್ಲಾಸಿಗೆ ದೊಡ್ಡ ಗಂಟು, ಗೆರೆಗೆ ಸಣ್ಣ ಗಂಟು, ಮಳೆಯಿಲ್ಲದ ದಿನ ಬೋಳು ಎಳೆ. ಶುಭಾಂಗಿ ಹದಿನೈದು ದಿನಕ್ಕೊಮ್ಮೆ ಬಂದು ಗಂಟು ನೋಡಿ ರಿಜಿಸ್ಟರಿಗೆ ಇಳಿಸಿಕೊಳ್ಳುತ್ತಿದ್ದಳು. ಹದಿಮೂರು ತಿಂಗಳಲ್ಲಿ ಒಂದು ಎಳೆಯೂ ತಪ್ಪಲಿಲ್ಲ. ಶುಭಾಂಗಿಯ ಪ್ರೊಫೆಸರರು ಆ ಹಗ್ಗದ ಫೋಟೋ ತೆಗೆದುಕೊಂಡು ಹೋಗಿ ಯಾವುದೋ ಸಭೆಯಲ್ಲಿ ತೋರಿಸಿ ಚಪ್ಪಾಳೆ ಹೊಡೆಸಿಕೊಂಡರಂತೆ.

ಮಾರನೆಯ ವರ್ಷ ಪುಷ್ಯ ಮಳೆ ಹಿಡಿಯಿತು. ಮೂರು ದಿನ ಜಿಟಿಜಿಟಿ, ನಾಲ್ಕನೆಯ ರಾತ್ರಿ ಆಕಾಶವೇ ಹರಿದು ಬಿತ್ತು. ಹಳ್ಳ ಏರಿ ಕುರಿದಡ್ಡಿಗೆ ನುಗ್ಗಿತು. ಮಾಳು ಕುರಿ ಹೊರಗೆ ದಬ್ಬುತ್ತಿದ್ದಾಗ ನೆನೆದ ಮಣ್ಣಿನ ಗೋಡೆ ಅವನ ಮೇಲೆ ಕುಸಿಯಿತು. ಮಗನನ್ನು ಎಳೆಯಲು ಓಡಿದ ಮುದುಕಿ ಪಾರವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಕೆಯನ್ನು ಬೆಳಗಾಗುವುದರೊಳಗೆ ಕಂಬಳಿಯಲ್ಲಿ ರಸ್ತೆಯ ತನಕ ಹೊತ್ತು, ಅಲ್ಲಿಂದ ಸಂಕೇಶ್ವರದ ದವಾಖಾನೆಗೆ ಸಾಗಿಸಿದರು. ಮಾಳುವನ್ನು ಮಣ್ಣಿನಿಂದ ತೆಗೆದದ್ದು ಆಮೇಲೆ.

ಹೆಣ ತಂದು ಪಡಸಾಲೆಯಲ್ಲಿ ಮಲಗಿಸಿದರು. ಹೆಂಗಸರು ಬೊಬ್ಬೆ ಹಾಕಿ ಅತ್ತರು. ಸತ್ತೆವ್ವ ಕಂಬಕ್ಕೆ ಒರಗಿ ಕೂತಿದ್ದಳು. ಒಳಗೆ ಏನಾದರೂ ಆಗುತ್ತದೆಂದು ಕಾದಳು, ಏನೂ ಆಗಲಿಲ್ಲ. ಯಾರೋ ಆಕೆಯ ಬೆನ್ನು ಸವರಿದರು, ಅದು ಬೇರೆ ಯಾರದೋ ಬೆನ್ನು ಅನ್ನಿಸಿತು. ಸೊಂಟದ ಚೀಲದಿಂದ ಗಡಿಯಾರ ತೆಗೆದು ನೋಡಿದಳು. ಎಂಟೂವರೆಗೆ ಸ್ವಲ್ಪ ಕಡಿಮೆ ಇತ್ತು. ಎದ್ದಳು.

ಯಾಕೆ ಎದ್ದೆ ಎಂದು ಆಮೇಲೆ ತನ್ನನ್ನು ತಾನೇ ಎಷ್ಟೋ ಸಲ ಕೇಳಿಕೊಂಡಿದ್ದಾಳೆ. ಎಂಟೂವರೆ ಆಗಿತ್ತು ಎಂಬುದಕ್ಕಿಂತ ಬೇರೆ ಉತ್ತರ ಸಿಕ್ಕಿಲ್ಲ.

ಮಳೆ ಇನ್ನೂ ಹೊಡೆಯುತ್ತಿತ್ತು. ಹೊರಗೆ ಸತ್ತ ಕುರಿಗಳ ರಾಶಿ ದಾಟಿಕೊಂಡು ಡಬ್ಬಿಯ ಹತ್ತಿರ ಹೋದಳು. ಬಾಟಲಿ ತುಂಬಿ ಚೆಲ್ಲಿತ್ತು. ಬಾಟಲಿ, ಡಬ್ಬಿ ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡು, ಗ್ಲಾಸನ್ನು ಕುಪ್ಪಸದಲ್ಲಿ ಸಿಕ್ಕಿಸಿಕೊಂಡು, ಅಳೆಯಲೆಂದು ಮಾಡಿನ ಕೆಳಗೆ ಬಂದಳು. ಅಷ್ಟರಲ್ಲಿ ಹೆಣವನ್ನು ಸ್ನಾನಕ್ಕೆಂದು ಅಲ್ಲಿಗೇ ತಂದು ಹಲಗೆಯ ಮೇಲೆ ಕೂಡಿಸಿದ್ದರು. ಮೊದಲ ನೀರು ಹೆಂಡತಿ ಹಾಕಬೇಕು. ಆದರೆ ನೀರೆಲ್ಲಿದೆ? ಹಳ್ಳದ್ದು ರಾಡಿ, ಬಾವಿಯಲ್ಲಿ ಕುರಿ ತೇಲುತ್ತಿತ್ತು, ಮಾಡಿನಿಂದ ಸುರಿಯುತ್ತಿದ್ದುದೂ ಮಣ್ಣು ಕಲಸಿದ ಕೆಂಪು ನೀರೇ. ಮಾಳುವಿನ ಅಣ್ಣ ಲಗಮಪ್ಪ ಈ ರಾಡಿಯಿಂದ ತಮ್ಮನನ್ನು ತೊಳೆಯಲೇ ಎಂದು ತಲೆ ಚಚ್ಚಿಕೊಳ್ಳುತ್ತಿದ್ದ. ಸತ್ತೆವ್ವನ ಕೈಯಲ್ಲಿದ್ದ ಬಾಟಲಿ ಕಂಡು ಕೂಗಿಕೊಂಡ.

“ತಿಳಿನೀರು! ತಿಳಿನೀರು ತಂದಾಳ ನೋಡ್ರಿ ನನ್ನ ತಂಗಿ! ಹಾಕವಾ, ಹಾಕು!”

ಎಲ್ಲರೂ ತಿರುಗಿ ನೋಡಿದರು. ಅಳತೆ ಮಾಡಬೇಕು ಎಂದು ಆ ಹೊತ್ತಿನಲ್ಲಿ ಯಾವ ಬಾಯಿಂದ ಹೇಳುವುದು? ಒಂದು ಹನಿ ಬಿಡುವ ಹಾಗಿಲ್ಲ ಎಂಬ ಮಾತೂ ತಲೆಯಲ್ಲಿ ಕೂತಿತ್ತು. ಸತ್ತೆವ್ವ ಗ್ಲಾಸು ತುಂಬಿಸಿದಳು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು, ಮೇಲಿನ ಗೆರೆ ನೋಡಿದಳು, ಗಂಡನ ತಲೆಯ ಮೇಲೆ ಸುರಿದಳು. ಒಂದು. ಮತ್ತೆ ತುಂಬಿಸಿದಳು, ಎತ್ತಿದಳು, ನೋಡಿದಳು, ಸುರಿದಳು. ಎರಡು. ಗ್ಲಾಸನ್ನು ದೇವರಿಗೆ ತೋರಿಸಿ ತೋರಿಸಿ ಹಾಕುತ್ತಿದ್ದಾಳೆ ಎಂದು ಮಂದಿ ಕೈಮುಗಿದರು. ಹನ್ನೊಂದು ಗ್ಲಾಸು ಆಯಿತು. ಹನ್ನೆರಡನೆಯದು ಏಳು ಗೆರೆಗೆ ನಿಂತಿತು. ಅದನ್ನೂ ಸುರಿದು, ಬಾಟಲಿ, ಡಬ್ಬಿ ಎರಡನ್ನೂ ಬೋರಲು ಹಾಕಿ ನೋಡಿ, ಮತ್ತೆ ಜಾಗದಲ್ಲಿ ಇಟ್ಟು ಬಂದಳು.

ಎಳೆ ಕಟ್ಟಲಿಲ್ಲ. ಸೂತಕದ ಹನ್ನೊಂದು ದಿನ ಉಣ್ಣೆ ಮುಟ್ಟುವುದಿಲ್ಲ, ಅದು ಅವರ ರೂಢಿ. ಆದರೆ ಅಳೆಯುವುದು ಮಾತ್ರ ನಿಲ್ಲಲಿಲ್ಲ. ಹನ್ನೆರಡನೆಯ ದಿನ ಶುಭಾಂಗಿ ಬಂದಳು, ಸತ್ತೆವ್ವನ ಕೈ ಹಿಡಿದು ಬಿಕ್ಕಿದಳು. ಸತ್ತೆವ್ವ ಆಕೆಗೆ ನೀರು ಕೊಟ್ಟು, ಹನ್ನೊಂದು ದಿನದ ಅಳತೆಯನ್ನು ಸಾಲಿ ಮಕ್ಕಳು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದಳು. ಮೊದಲ ದಿನದ್ದು ಇನ್ನೂರಾ ಇಪ್ಪತ್ತೇಳು ಮಿಲಿಮೀಟರ್. ಶುಭಾಂಗಿ ಬರೆದುಕೊಂಡು, ಬಾಯಿಮಾತು ಎಂದು ಬದಿಗೆ ಗುರುತು ಹಾಕಿದಳು.

ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದು ಎಂಬ ಗಾದೆ ಇದೆ. ಅಳದ ಹೆಂಗಸಿಗೆ ಗಾದೆ ಇಲ್ಲ. ಅದಕ್ಕೇ ಮಂದಿ ತಮಗೆ ಬೇಕಾದ ಹಾಗೆ ತಿಳಿದುಕೊಂಡರು. ಆಕೆಯ ದುಃಖ ಅಷ್ಟು ದೊಡ್ಡದು, ಕಣ್ಣೀರಿಗೂ ನಿಲುಕದ್ದು ಎಂದರು. ಎರಡು ತಿಂಗಳ ಮೇಲೆ ದವಾಖಾನೆಯಿಂದ ಬಂದ ಪಾರವ್ವನಿಗೆ ಈ ಕಥೆಯೇ ಊಟ, ಈ ಕಥೆಯೇ ಔಷಧಿ. ಮಗ ಮಣ್ಣಾದದ್ದನ್ನು ಆಕೆ ಕಂಡಿರಲಿಲ್ಲ. “ನನ್ನ ಸೊಸಿ ಆಕಾಶದ ನೀರು ತಂದು ನನ್ನ ಮಗನ್ನ ಮೀಸಿದ್ಲು,” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳಿ ಸೊಸೆಯ ಕೆನ್ನೆ ಮುಟ್ಟಿ ನೆಟಿಕೆ ಮುರಿಯುತ್ತಿದ್ದಳು. ಸತ್ತೆವ್ವನಿಗೆ ಅನ್ನದ ರುಚಿ ಹತ್ತುತ್ತಿರಲಿಲ್ಲ, ಕುರಿಯ ವಾಸನೆಯೂ ಬರುತ್ತಿರಲಿಲ್ಲ. ಅತ್ತೆಯ ಮಾತು ಕೇಳುವಾಗ ಮಾತ್ರ ಸಣ್ಣಗೆ ನಾಚಿಕೆಯಾಗುತ್ತಿತ್ತು. ಆಕೆಗೆ ಆಗುತ್ತಿದ್ದುದು ಅದೊಂದೇ.

ಚಳಿಗಾಲದಲ್ಲಿ ಸರಕಾರದಿಂದ ಸುದ್ದಿ ಬಂತು. ಒಂದೇ ದಿನ ಇನ್ನೂರು ಮಿಲಿಮೀಟರ್ ದಾಟಿದ ಹಳ್ಳದ ದಂಡೆಯ ಊರುಗಳನ್ನು ಎತ್ತರದ ಜಾಗಕ್ಕೆ ಸಾಗಿಸಿ ಮನೆ ಕಟ್ಟಿಕೊಡುತ್ತಾರಂತೆ. ಪಟ್ಟಿಯಲ್ಲಿ ಹಾಲಹಳ್ಳ ಇರಲಿಲ್ಲ. ಅಂದು ತಾಲೂಕಿನ ಮಾಪಕ ತೋರಿಸಿದ್ದು ಅರವತ್ತೊಂದು. ಬಾಗೇವಾಡಿಯಲ್ಲಿ ಮಹಾವೀರನ ಡಬ್ಬಿಯಲ್ಲಿ ಎಂಬತ್ತೆಂಟು, ಪುಣ್ಯಕ್ಕೆ ಅಂದು ಭಾನುವಾರವಾಗಿರಲಿಲ್ಲ. ಅಷ್ಟು ಮಳೆಗೆ ವಸ್ತಿ ಕೊಚ್ಚಿಹೋಗುವುದಿಲ್ಲ, ಗೋಡೆಗಳೇ ಹಳೆಯವು ಎಂಬ ಅಭಿಪ್ರಾಯ ಬಂತು. ವಿಶ್ವವಿದ್ಯಾಲಯದವರು ನಮ್ಮ ಮಾಪಕ ನೋಡಿ ಎಂದು ಪಟ್ಟು ಹಿಡಿದರು. ಹುಕ್ಕೇರಿಯಲ್ಲಿ ವಿಚಾರಣೆ ಗೊತ್ತಾಯಿತು. ಹಗ್ಗ ತರಬೇಕು, ಅಳೆದವರೂ ಬರಬೇಕು.

ಹಗ್ಗದಲ್ಲಿ ಆ ಹನ್ನೊಂದು ದಿನದ ಜಾಗ ಖಾಲಿ ಇತ್ತು. ಬೇಕಾದದ್ದೇ ಇಲ್ಲ.

ಲಗಮಪ್ಪ ಬಂದು ಕಂಬದ ಹತ್ತಿರ ಕುಕ್ಕರುಗಾಲಲ್ಲಿ ಕೂತ. “ಈಗೊಂದು ಎಳಿ ಕಟ್ಟಿಬಿಡವಾ. ಆ ಅಕ್ಕಾರಿಗೆ ಬಾಯಿಲೆ ಹೇಳಿದ್ದೆಲ್ಲಾ, ಹನ್ನೊಂದು ದೊಡ್ಡ ಗಂಟು, ಏಳು ಸಣ್ಣವು. ಯಾರಿಗೆ ತಿಳೀತೈತಿ? ಮುಂದಿನ ವರ್ಷ ಮತ್ತ ಹಳ್ಳ ಬಂದ್ರ ಯಾರ ಮನಿಯಾಗ ಯಾರು ಉಳೀತಾರ?”

“ಭಾವಾರ, ಸೂತಕದಾಗ ಉಣ್ಣಿ ಮುಟ್ಟಿದ್ಲು ಅಂತ ಆಗತೈತಿ. ಅವರಿಗೆ ಮಾಡಿದ ಕಾರ್ಯ ಅವರಿಗೆ ಮುಟ್ಟಂಗಿಲ್ಲ.”

“ಖರೇ ಮುಟ್ಟಿಲ್ಲಲ್ಲ?”

“ಮುಟ್ಟಿಲ್ಲ. ಅದಕ್ಕ ಮುಟ್ಟೇನಿ ಅಂತ ಹೆಂಗ ತೋರಸ್ಲಿ?”

ಶುಭಾಂಗಿಯೂ ಎಳೆಯ ವಿಚಾರಕ್ಕೆ ಒಪ್ಪಲಿಲ್ಲ, ಆಕೆಯ ಕಾರಣ ಬೇರೆ. ಒಂದು ಸುಳ್ಳು ಎಳೆ ಸಿಕ್ಕಿಬಿದ್ದರೆ ಹದಿಮೂರು ತಿಂಗಳ ಖರೇ ಎಳೆಗಳೂ ಕಸವಾಗುತ್ತವೆ. ವಿಚಾರಣೆಯ ಹಿಂದಿನ ದಿನ ಬಂದು, ಆ ಬೆಳಿಗ್ಗೆ ನೀರನ್ನು ಎಲ್ಲಿ ಅಳೆದಿರಿ, ಯಾರು ನೋಡಿದರು ಎಂದು ಕೇಳಿದಳು. ಸತ್ತೆವ್ವ ಹೇಳಿದಳು. ನಾಲ್ಕು ಮಾತಿನಲ್ಲಿ ಮುಗಿಯಿತು. ಹುಡುಗಿ ಪೆನ್ನಿಗೆ ಮುಚ್ಚಳ ಹಾಕಿದಳು.

“ಇದನ್ನ ನೀವು ಹೇಳಲೇಬೇಕಂತ ಇಲ್ಲ ಮಾವಶಿ.”

“ಹೇಳದಿದ್ರ?”

“ಅಳತಿ ಲೆಕ್ಕಕ್ಕ ಬರೂದಿಲ್ಲ.” ಆಮೇಲೆ ನೆಲ ನೋಡುತ್ತ ಅಂದಳು, “ಖರೇ ಹೇಳಬೇಕಂದ್ರ ನನ್ನ ಪ್ರಬಂಧಕ್ಕೂ ಅದು ಬೇಕು. ಹಂಗಾಗಿ ಹೇಳ್ರಿ ಅನ್ನಾಕ ನನಗ ಬಾಯಿ ಬರವಲ್ದು.”

ಸತ್ತೆವ್ವ ಆಕೆಯನ್ನು ನೋಡಿದಳು. ಒಳ್ಳೆಯ ಹುಡುಗಿ. ಆದರೆ ಒಳ್ಳೆಯತನದಿಂದ ಗುಡ್ಡದ ಮೇಲೆ ಮನೆ ಏಳುವುದಿಲ್ಲ.

ಮಾರನೆಯ ದಿನ ವಸ್ತಿಗೆ ವಸ್ತಿಯೇ ಟೆಂಪೋ ಹತ್ತಿತು. ಪಾರವ್ವನನ್ನೂ ಎತ್ತಿ ಮುಂದೆ ಡ್ರೈವರನ ಬಾಜೂ ಕೂಡಿಸಿದರು, ಸೊಸೆಯ ದೊಡ್ಡಸ್ತಿಕೆ ಸರಕಾರದ ಬಾಯಿಂದ ಕೇಳಬೇಕೆಂದು ಆಕೆಗೆ ಹಟ. ಸಭಾಗೃಹದಲ್ಲಿ ಮೇಜಿನ ಹಿಂದೆ ಮೂವರಿದ್ದರು. ನಡುವಿನವರು ಮೈಸೂರು ಕಡೆಯ ಅಧಿಕಾರಿ, ಮೆತ್ತಗೆ ಮಾತಾಡುವವರು. ಪ್ರೊಫೆಸರರು ಎದ್ದು ನಿಂತು ನ್ಯಾಯ, ಪಾಲುದಾರಿಕೆ ಎಂದು ಹತ್ತು ನಿಮಿಷ ಹೇಳಿದರು. ಅಧಿಕಾರಿ ತಲೆದೂಗಿ, ಹಗ್ಗದ ಖಾಲಿ ಜಾಗದ ಮೇಲೆ ಬೆರಳಿಟ್ಟರು.

ಸತ್ತೆವ್ವನನ್ನು ಕರೆದರು. ಹೆಸರು ಹೇಳಿದಳು. ಅಂದಿನ ಅಳತೆ ಹೇಳಿದಳು. ಎಲ್ಲಿ ಅಳೆದಿರಿ ಎಂದರು.

“ನಮ್ಮ ಮನ್ಯಾವರ ಮೈಮ್ಯಾಲ ಹಾಕೂ ಮುಂದ ಅಳದ್ನಿರಿ.”

ಸಭೆಯಲ್ಲಿ ಗುಸುಗುಸು ಎದ್ದಿತು. ಅಧಿಕಾರಿ ಪೆನ್ನು ಕೆಳಗಿಟ್ಟರು. ಅವರ ದನಿಯಲ್ಲಿ ಕುಹಕವಿರಲಿಲ್ಲ.

“ತಾಯಿ, ನಿಮ್ಮನ್ನ ನೋಯಿಸೋಕೆ ಕೇಳ್ತಿಲ್ಲ. ಗಂಡನ ಹೆಣ ಎದುರಿಗಿದ್ದಾಗ ಯಾರಿಗೆ ತಾನೇ ಎಣಿಕೆ ನೆನಪಿರುತ್ತೆ? ಆ ದುಃಖದಲ್ಲಿ ಒಂಬತ್ತು ಹನ್ನೊಂದಾಗಿರಬಹುದು. ಒಂಬತ್ತಾದರೆ ನೂರಾ ಎಂಬತ್ತು ಚಿಲ್ಲರೆ, ನಿಮ್ಮೂರು ಪಟ್ಟಿಗೆ ಬರಲ್ಲ. ನಾನು ಏನಂತ ಬರೀಲಿ?”

ಸತ್ತೆವ್ವ ಹಿಂತಿರುಗಿ ನೋಡಿದಳು. ಇಪ್ಪತ್ತಾರು ಮನೆಯ ಮಂದಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಪಾರವ್ವ ಕೋಲು ಹಿಡಿದು, ಕಿವಿಯ ಹಿಂದೆ ಕೈಯಿಟ್ಟು ಆಲಿಸುತ್ತಿದ್ದಳು. ಹೌದ್ರಿ, ದುಃಖದಾಗ ಇದ್ನಿ ಅಂದುಬಿಟ್ಟರೆ ಬಂದ ಹೆಸರು ಉಳಿಯುತ್ತಿತ್ತು, ಅತ್ತೆಯ ಕಥೆಯೂ ಉಳಿಯುತ್ತಿತ್ತು. ಹಳ್ಳದ ದಂಡೆಯೂ ಹಾಗೇ ಉಳಿಯುತ್ತಿತ್ತು.

“ದುಃಖ ಇರಲಿಲ್ರಿ ಸಾಹೇಬರ,” ಎಂದಳು.

ಯಾರೋ ಹಿಂದಿನಿಂದ “ಏನಂದ್ಲು?” ಎಂದರು.

“ಎದಿಯೊಳಗ ಏನೂ ಇರಲಿಲ್ರಿ. ಇದ್ದಿದ್ರ ಎಣಿಕಿ ತಪ್ಪತಿತ್ತು. ಆ ನೀರು ಅವರ ಸಲುವಾಗಿ ತಂದಿದ್ದಲ್ಲ. ಎಂಟೂವರಿ ಆಗಿತ್ತು, ಅಳಿಯಾಕಂತ ತಂದಿದ್ದೆ. ಹಾಕಂದ್ರು, ಹಾಕಿದೆ. ಒಂದೊಂದು ಗ್ಲಾಸೂ ಎತ್ತಿ ಹಿಡದು ಮ್ಯಾಲಿನ ಗೆರಿ ನೋಡೇ ಹಾಕಿದೆ. ಹನ್ನೊಂದು ಗ್ಲಾಸು, ಏಳು ಗೆರಿ. ಹೆಚ್ಚಿಲ್ಲ, ಕಮ್ಮಿಲ್ಲ.”

ಲಗಮಪ್ಪ ತಾನಾಗಿಯೇ ಎದ್ದು ನಿಂತ, ತಲೆಯ ಪಟಕಾ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

“ಆಕಿ ಅಂದದ್ದು ಖರೇ ಐತ್ರಿ. ಪ್ರತಿ ಸಲಾ ಗ್ಲಾಸ್ ಎತ್ತಿ ಎತ್ತಿ ನೋಡತಿದ್ಲು. ನಾವು ದೇವರಿಗೆ ತೋರಸಾಕತ್ತಾಳ ಅಂದ್ಕೊಂಡು ಕೈ ಮುಗದ್ವಿ.” ಅಷ್ಟು ಹೇಳಿ ಕೂತುಬಿಟ್ಟ. ಸತ್ತೆವ್ವನ ಕಡೆಗೆ ನೋಡಲಿಲ್ಲ.

ಅಧಿಕಾರಿ ಬಾಜೂದವರ ಜೊತೆ ಏನೋ ಮಾತಾಡಿದರು. ಅಳೆದ ನೀರನ್ನು ಎಲ್ಲಿ ಚೆಲ್ಲಬೇಕೆಂಬುದಕ್ಕೆ ನಿಯಮವಿಲ್ಲ ಎಂದು ಅವರಲ್ಲಿದ್ದ ಎಂಜಿನಿಯರು ಅಂದದ್ದು ಕೇಳಿಸಿತು. ಅಧಿಕಾರಿ ಪೆನ್ನು ಎತ್ತಿಕೊಂಡು ಇನ್ನೂರಾ ಇಪ್ಪತ್ತೇಳು ಎಂದು ಬರೆದರು, ಸತ್ತೆವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಹಾಲಹಳ್ಳದ ವಸ್ತಿ ಪಟ್ಟಿಗೆ ಸೇರಿತು.

ಹೊರಗೆ ಬಂದಾಗ ಶುಭಾಂಗಿ, ಈ ಅಳತೆಯ ಬಗ್ಗೆ ಬರೆಯುವ ಲೇಖನದ ಮೇಲೆ ನಿಮ್ಮ ಹೆಸರೂ ನನ್ನ ಹೆಸರಿನ ಜೊತೆ ಇರುತ್ತದೆ, ಮೊದಲು ನಿಮ್ಮದೇ, ಎಂದಳು. ಆಕೆಯ ಕಣ್ಣು ಒದ್ದೆಯಾಗಿದ್ದವು. ಸತ್ತೆವ್ವ ಆಗಲಿ ಎಂದಳು. ವಸ್ತಿಯ ಮಂದಿ ಒಬ್ಬೊಬ್ಬರಾಗಿ ಟೆಂಪೋ ಹತ್ತಿದರು. ಮನೆ ಸಿಕ್ಕ ಸಂತೋಷ ಅವರ ಮುಖದ ಮೇಲಿತ್ತು, ಆದರೆ ಸತ್ತೆವ್ವನ ಪಕ್ಕ ಕೂರಲು ಯಾರೂ ಅವಸರ ಮಾಡಲಿಲ್ಲ. ಪಾರವ್ವ ಮುಂದಿನ ಸೀಟು ಒಲ್ಲೆ ಎಂದಳು. ಹಿಂದೆ ಎತ್ತಿ ಕೂಡಿಸಿರಿ ಎಂದು ಹಟ ಹಿಡಿದು, ಸೊಸೆಯ ಮಗ್ಗುಲಿಗೇ ಬಂದು ಕೂತಳು.

ಸತ್ತೆವ್ವ ಬೈಗುಳಕ್ಕೆ ಕಾದಳು. ಬೈದರೆ ಒಳ್ಳೆಯದಿತ್ತು. ಟೆಂಪೋ ಹುಕ್ಕೇರಿ ದಾಟಿತು, ಎರಡೂ ಬದಿಗೆ ಕಬ್ಬು ಶುರುವಾಯಿತು. ಮುದುಕಿ ಕೋಲಿನ ಮೇಲೆ ಗದ್ದ ಊರಿಕೊಂಡು ಮಾತು ತೆಗೆದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಆತು ಬಿಡವಾ, ಎಣಿಸಿದಿ, ಎಣಿಸಿದಿ. ಊರು ಉಳೀತು. ಒಂದ ಮಾತು ಹೇಳು. ನೀರು ಹಾಕೂ ಮುಂದ ನನ್ನ ಮಗನ ಮಾರಿ ಹೆಂಗಿತ್ತು? ಕಣ್ಣು ಮುಚ್ಚಿದ್ನೋ, ತಗದಿದ್ನೋ?”

ಸತ್ತೆವ್ವ ನೆನಪಿಸಿಕೊಳ್ಳಲು ನೋಡಿದಳು. ಹಲಗೆ ನೆನಪಿಗೆ ಬಂತು. ಮಾಡಿನಿಂದ ಸುರಿಯುವ ನೀರು ನೆನಪಿಗೆ ಬಂತು. ಗಾಜಿನ ಮೇಲಿನ ಬಿಳಿ ಗೆರೆಗಳು, ಅವುಗಳ ಪಕ್ಕದ ಸಣ್ಣ ಅಂಕಿಗಳು, ಗೆರೆಯ ಮೇಲೆ ಅಲುಗಾಡಿ ನಿಲ್ಲುವ ನೀರು, ಎಲ್ಲ ಬಂತು. ಗಾಜಿನ ಆಚೆ ಮಾಳು ಕೂತಿದ್ದ.

“ಗೆರಿ ನೋಡಾಕತ್ತಿದ್ದೆ ಅತ್ತಿ,” ಎಂದಳು. “ಮಾರಿ ನೋಡಲಿಲ್ಲ.”

ಪಾರವ್ವ ತಲೆಯಾಡಿಸಿದಳು. ಮುಂದೆ ಒಂದು ಎತ್ತಿನ ಗಾಡಿ ಅಡ್ಡ ಬಂದು ಟೆಂಪೋ ನಿಂತಿತು, ಮತ್ತೆ ಹೊರಟಿತು.

“ಹಂಗಾದ್ರ ಕಡೀಕ ಅವನ್ನ ನಾನೂ ನೋಡಲಿಲ್ಲ, ನೀನೂ ನೋಡಲಿಲ್ಲ,” ಎಂದಳು ಮುದುಕಿ.

ಸತ್ತೆವ್ವ ಇಲ್ಲ ಎಂದಳು. ಸೆರಗು ಬಾಯಿಗೆ ಒತ್ತಿಕೊಂಡಳು, ಅಳು ಬರಬಹುದು ಎಂದು. ಬಾಗೇವಾಡಿ ಬಂತು, ಮಂದಿ ಚಹಾ ಕುಡಿಯಲು ಇಳಿದರು, ಮತ್ತೆ ಹತ್ತಿದರು. ಆಕೆ ಸೆರಗು ಹಾಗೇ ಹಿಡಿದುಕೊಂಡು ಕೂತಿದ್ದಳು.